‘ಇಪ್ ಮಾನ್ ಅಳತೆ’ಯ ಮರದಾಳು: ಮರಕ್ಕೆ ಪೂರ್ಣ ಅಂಕ, ಜಾಹೀರಾತಿಗೆ ಅರ್ಧ

ಮೊದಲು ತೀರ್ಪು ಹೇಳಿಬಿಡುತ್ತೇನೆ. ಮರ ಒಳ್ಳೆಯದು, ಬಡಗಿಯ ಕೈ ಒಳ್ಳೆಯದು, ಜಾಹೀರಾತಿನ ಒಂದು ಸಾಲು ಮಾತ್ರ ನಂಬುವಂಥದ್ದಲ್ಲ. ‘ಇಪ್ ಮಾನ್ ಪ್ರಮಾಣಿತ ಅಳತೆ, ವಿಂಗ್ ಚುನ್‌ನ ಎಲ್ಲ ಶಾಖೆಗಳಿಗೂ ಹೊಂದುತ್ತದೆ’ ಎಂಬುದು ಆ ಸಾಲು. ಇಪ್ ಮಾನ್ ಎಂದರೆ ಹಾಂಕಾಂಗಿನಲ್ಲಿ ವಿಂಗ್ ಚುನ್ ಕಲಿಸಿದ ಹೆಸರಾಂತ ಗುರು. ಈ ವಿಮರ್ಶೆಯ ಬಹುಪಾಲು ಅದರೊಂದಿಗಿನ ಜಗಳ. ದಕ್ಷಿಣ ಚೀನದ ಫೋಶಾನ್ ಕಡೆಯ ಈ ಮರಗೆಲಸದವರ ಹೆಸರನ್ನು ಹೇಳುವುದಿಲ್ಲ. ಹೇಳಿದರೂ ಪ್ರಯೋಜನವಿಲ್ಲ, ಏಕೆಂದರೆ ಅಂತರ್ಜಾಲದಲ್ಲಿ ಮರದಾಳು ಮಾರುವ ಮುಕ್ಕಾಲುಪಾಲು ಜನ ಇದೇ ಮಾತನ್ನು ಹೇಳುತ್ತಾರೆ.

ಗೊತ್ತಿಲ್ಲದವರಿಗೆ ನಾಲ್ಕು ಮಾತು. ವಿಂಗ್ ಚುನ್ ಎಂಬ ದಕ್ಷಿಣ ಚೀನದ ಕುಂಗ್ ಫು ಪದ್ಧತಿಯಲ್ಲಿ ಬರಿಗೈಯ ವರಸೆಗಳು ಮೂರು: ಸಿಯು ನಿಮ್ ತಾವ್, ಚಮ್ ಕಿಯು, ಬಿಯು ಜೀ. ಇವುಗಳ ಜೊತೆಗೆ ಮರದಾಳಿನ ವರಸೆ, ಉದ್ದ ಕೋಲು ಮತ್ತು ಜೋಡಿ ಕತ್ತಿ. ಮರದಾಳನ್ನು ಕ್ಯಾಂಟನೀಸಿನಲ್ಲಿ ಮುಕ್ ಯಾನ್ ಜೋಂಗ್ ಎನ್ನುತ್ತಾರೆ. ಅದೊಂದು ದಪ್ಪ ದಿಮ್ಮಿ. ಎದೆಯ ಮಟ್ಟದಲ್ಲಿ ಎರಡು ತೋಳು, ಹೊಟ್ಟೆಯ ಮಟ್ಟದಲ್ಲಿ ಒಂದು ತೋಳು, ಕೆಳಗೆ ಮಂಡಿ ಬಾಗಿಸಿದ ಒಂದೇ ಕಾಲು. ಅದರ ಸುತ್ತ ಹೆಜ್ಜೆ ಹಾಕುತ್ತ, ಮುಂಗೈಗಳನ್ನು ಅದರ ತೋಳುಗಳಿಗೆ ತಾಗಿಸುತ್ತ, ಗೊತ್ತುಪಡಿಸಿದ ಕ್ರಮದಲ್ಲಿ ಪಟ್ಟುಗಳನ್ನು ಹಾಕಬೇಕು. ಎದುರಾಳಿಗೆ ಹೊಡೆಯುವ ಅಭ್ಯಾಸ ಎಂದು ನೋಡುವವರು ಅಂದುಕೊಳ್ಳುತ್ತಾರೆ. ನಿಜವಾಗಿ ಅದು ನಮ್ಮ ತಪ್ಪನ್ನು ತೋರಿಸುವ ಸಾಧನ. ನಿಲುವು ಅರ್ಧ ಅಂಗುಲ ಆಚೀಚೆಯಾದರೂ ಮರ ಮೊಣಕೈಗೆ ಬಡಿದು ತಿಳಿಸುತ್ತದೆ.

ನಾನು ಕೊಂಡದ್ದು ತೇಗದ್ದು. ಎಲ್ಮ್ ಮತ್ತು ರಬ್ಬರ್ ಮರದವು ಅಗ್ಗವಾಗಿ ಸಿಗುತ್ತವೆ. ಕಾಂಡ ಐದಡಿಗೆ ಒಂದೆರಡು ಅಂಗುಲ ಕಡಿಮೆ, ವ್ಯಾಸ ಸುಮಾರು 23 ಸೆಂಟಿಮೀಟರ್, ತೂಕ 40 ಕಿಲೋ ಆಸುಪಾಸು. ಗೋಡೆಗೆ ಬಿಗಿಯುವ ಚೌಕಟ್ಟು, ಗಡಿ ದಾಟಿಸುವ ಸಾಗಣೆ ಎಲ್ಲ ಸೇರಿ ಒಂಬತ್ತು ಸಾವಿರ ಹಾಂಕಾಂಗ್ ಡಾಲರಿನಷ್ಟಾಯಿತು. ‘ಮನೆ ಬಾಗಿಲಿಗೆ ತಲುಪಿಸುತ್ತೇವೆ’ ಎಂದಿದ್ದರು. ನಾವಿರುವುದು ಹಾಂಕಾಂಗಿನ ಶಾಮ್ ಶುಯಿ ಪೊದ ಒಂದು ಹಳೆಯ ಕಟ್ಟಡದ ಕೊನೆಯ ಮಹಡಿಯಲ್ಲಿ, ಲಿಫ್ಟ್ ಇಲ್ಲ. ಲಾರಿಯವನು ಮೆಟ್ಟಿಲನ್ನು ನೋಡಿ, ಅವನ ಲೆಕ್ಕದಲ್ಲಿ ಮನೆ ಬಾಗಿಲೆಂದರೆ ಕಟ್ಟಡದ ಕೆಳಗಿನ ಕಬ್ಬಿಣದ ಗೇಟು ಎಂದು ವಿವರಿಸಿ ಹೊರಟುಹೋದ. ನನ್ನ ಗಂಡ ಮತ್ತು ಕೆಳಗಿನ ಬಟ್ಟೆ ಅಂಗಡಿಯ ಇಬ್ಬರು ಹುಡುಗರು ಹೊತ್ತು ತಂದರು. ಲಿಫ್ಟ್ ಇಲ್ಲದವರು ಸಾಗಣೆಯ ಷರತ್ತನ್ನು ಬರಹದಲ್ಲಿ ಕೇಳಿ ಪಡೆಯಿರಿ. ಗಂಡನಿಗೆ ವಿಂಗ್ ಚುನ್ ಗೊತ್ತಿಲ್ಲ. ಮರದಾಳಿನ ಮೂರು ತೋಳುಗಳಲ್ಲಿ ಅವನ ಒದ್ದೆ ಟವೆಲಿಗೆ ಒಂದು ಕಾಯಂ ಆಗಿದೆ.

ಮರದ ಬಗ್ಗೆ ದೂರಿಲ್ಲ. ದುಂಡು ದಿಮ್ಮಿ ಒಣಗುತ್ತ ಸೀಳುವುದು ಸಹಜ. ಅದಕ್ಕೆಂದೇ ಇವರು ಹಿಂಬದಿಯಲ್ಲಿ ಮೇಲಿಂದ ಕೆಳಗಿನವರೆಗೆ ಗರಗಸದಿಂದ ಒಂದು ಗೀರು ಹಾಕಿ ಕಳಿಸಿದ್ದಾರೆ. ಮರ ಕುಗ್ಗಿದರೆ ಆ ಗೀರು ಅಗಲವಾಗುತ್ತದೆ, ಎದುರುಭಾಗ ಸೀಳುವುದಿಲ್ಲ. ಹಾಂಕಾಂಗಿನ ವಸಂತದಲ್ಲಿ ಗೋಡೆಯೇ ಬೆವರುತ್ತದೆ. ಆಗ ತೋಳುಗಳ ಬಾಲ, ಅಂದರೆ ಕಾಂಡದೊಳಗೆ ತೂರುವ ಹಿಂಬದಿಯ ತುಂಡು, ಉಬ್ಬಿ ತೂತಿನಲ್ಲಿ ಸಿಕ್ಕಿಕೊಂಡಿತು. ಚಳಿಗಾಲದಲ್ಲಿ ಅದೇ ಬಾಲ ಸಡಿಲವಾಗಿ ಲೊಟಲೊಟ ಅನ್ನುತ್ತದೆ. ಸ್ವಲ್ಪ ಸಡಿಲವಿರುವುದೇ ಸರಿ, ಆ ಸದ್ದಿಲ್ಲದಿದ್ದರೆ ಮರದಾಳಿಗೆ ಜೀವವಿಲ್ಲ ಎನ್ನುವವರಿದ್ದಾರೆ. ತೇವ ಹೀರುವ ಯಂತ್ರ ಹಾಕಿಟ್ಟರೆ ಸಮಸ್ಯೆ ನೀಗುತ್ತದೆ. ಸದ್ದಿನ ವಿಷಯಕ್ಕೆ ಬಂದರೆ, ಇಲ್ಲಿ ರಾತ್ರಿ 11ರಿಂದ ಬೆಳಿಗ್ಗೆ 7ರವರೆಗೆ ಮನೆಯಿಂದ ಹೊರಡುವ ಗದ್ದಲಕ್ಕೆ ಕಾನೂನಿದೆ. ನಮ್ಮ ಕೆಳಗಿನ ಮನೆ ಅಂಗಿ ಗುಂಡಿ ವ್ಯಾಪಾರಿಯ ಗೋದಾಮು, ಆದ್ದರಿಂದ ಹಗಲಿನಲ್ಲಿ ತಕರಾರಿಲ್ಲ. ನಿಮ್ಮ ಕೆಳಗೆ ಮನುಷ್ಯರಿದ್ದರೆ ಚೌಕಟ್ಟಿನ ಹಿಂದೆ ರಬ್ಬರ್ ಹಾಕಿಸಿ.

ಗೋಡೆಗೆ ತೂಗುಹಾಕುವ ಈ ಚೌಕಟ್ಟೇ ಅಷ್ಟೇನೂ ಹಳೆಯದಲ್ಲ. ಫೋಶಾನಿನ ಹಳೆಯ ಕ್ರಮದಲ್ಲಿ ದಿಮ್ಮಿಯ ಬುಡವನ್ನು ನೆಲದಲ್ಲಿ ಹೂಳುತ್ತಿದ್ದರು. 1893ರಲ್ಲಿ ಫೋಶಾನಿನಲ್ಲಿ ಹುಟ್ಟಿದ ಇಪ್ ಮಾನ್ ಹಾಂಕಾಂಗಿಗೆ ಬಂದು 1950ರಲ್ಲಿ ಕಲಿಸಲು ತೊಡಗಿದ್ದು ಇದೇ ಶಾಮ್ ಶುಯಿ ಪೊದಲ್ಲಿ, ಹೋಟೆಲ್ ಕಾರ್ಮಿಕರ ಸಂಘದ ಕೋಣೆಯಲ್ಲಿ. ಮಹಡಿಯ ಮೇಲಿನ ಕೋಣೆಯಲ್ಲಿ ಹೂಳಲು ನೆಲವೆಲ್ಲಿದೆ? ಮೊದಲ ಕೆಲವು ವರ್ಷ ಮರದಾಳೇ ಇರಲಿಲ್ಲ, ಶಿಷ್ಯರು ಆ ವರಸೆಯನ್ನು ಬರಿಯ ಗಾಳಿಯಲ್ಲಿ ಕಲಿತರು ಎಂದು ಆ ತಲೆಮಾರಿನವರು ಹೇಳುತ್ತಿದ್ದರು. 1950ರ ದಶಕದ ನಡುವಿನಲ್ಲಿ ಕಾಂಡದೊಳಗೆ ಎರಡು ಅಡ್ಡಪಟ್ಟಿ ತೂರಿಸಿ ತೂಗುಹಾಕುವ ಉಪಾಯ ಬಂದಿತು. ಆ ಪಟ್ಟಿಗಳು ಬಾಗುವುದರಿಂದ ಹೊಡೆದಾಗ ದಿಮ್ಮಿ ಹಿಂದೆ ಸರಿದು ಮತ್ತೆ ಮುಂದೆ ಬರುತ್ತದೆ. ಹೂತ ದಿಮ್ಮಿಗೆ ಈ ಗುಣವಿಲ್ಲ. ಬಾಡಿಗೆ ಕೋಣೆಯ ಇಕ್ಕಟ್ಟಿನಿಂದ ಹುಟ್ಟಿದ ಈ ಪುಟಿತವನ್ನು ಇವತ್ತು ಪರಂಪರೆಯ ಗುಣವೆಂದು ಮಾರುತ್ತಾರೆ. ನನ್ನ ಚೌಕಟ್ಟಿನ ಪಟ್ಟಿಗಳು ಮಾತ್ರ ಅಗತ್ಯಕ್ಕಿಂತ ದಪ್ಪ, ಪುಟಿತ ಕಡಿಮೆ. ಸ್ಥಳೀಯ ಬಡಗಿಯೊಬ್ಬರಿಂದ ತೆಳು ಮಾಡಿಸಿದ ಮೇಲೆ ಸರಿಹೋಯಿತು.

ಈಗ ಆ ಜಗಳಕ್ಕೆ ಬರೋಣ. ಪೆಟ್ಟಿಗೆಯ ಮೇಲೆ ದೊಡ್ಡಕ್ಷರದಲ್ಲಿ ‘116 ಪಟ್ಟುಗಳ ಇಪ್ ಮಾನ್ ಮರದಾಳು’ ಎಂದಿತ್ತು. ಒಳಗೆ ಮಡಚಿಟ್ಟಿದ್ದ ಗೋಡೆಪಟದಲ್ಲಿ ಚಿತ್ರಗಳ ಕೆಳಗಿನ ಅಂಕೆ 108ಕ್ಕೆ ನಿಂತಿತ್ತು. ಮಾರುವವರಿಗೆ ಬರೆದು ಕೇಳಿದೆ. ‘ಎರಡೂ ಸರಿ’ ಎಂದು ಉತ್ತರ ಬಂದಿತು. ನಗು ಬಂದರೂ ಅವರ ಇಡೀ ಪತ್ರವ್ಯವಹಾರದಲ್ಲಿ ಅತ್ಯಂತ ಪ್ರಾಮಾಣಿಕ ವಾಕ್ಯ ಅದೇ. ಇಪ್ ಮಾನ್ ಕಲಿತು ಬಂದದ್ದು 140 ಪಟ್ಟುಗಳು, ಹಾಂಕಾಂಗಿನಲ್ಲಿ ಅದನ್ನು 108ಕ್ಕೆ ಇಳಿಸಿ ಕೊನೆಗೆ 116ಕ್ಕೆ ತಂದರು ಎಂಬ ಹೇಳಿಕೆ ಅವರ ಶಿಷ್ಯವರ್ಗದಲ್ಲಿದೆ. ಎಣಿಸುವ ಬಗೆಯೂ ಒಂದೇ ಅಲ್ಲ: ಕೈ ಮತ್ತು ಹೆಜ್ಜೆ ಒಟ್ಟಿಗೆ ಹೋದರೆ ಒಂದೋ ಎರಡೋ? ಹಾಗಾಗಿ ಅಂಕೆಯನ್ನು ನೋಡಿ ಮರದಾಳು ಕೊಳ್ಳುವುದು ವ್ಯರ್ಥ. ಅಂಕೆ ಒಂದೇ ಆದರೂ ವರಸೆ ಬೇರೆಯಾಗಿರಬಹುದು, ಅಂಕೆ ಬೇರೆಯಾದರೂ ಒಂದೇ ಆಗಿರಬಹುದು.

ಇದರಲ್ಲಿ ಆಶ್ಚರ್ಯವೇನಿಲ್ಲ. ನಾನು ಸಂಗೀತದ ಮನೆಯಲ್ಲಿ ಬೆಳೆದವಳು. ಒಂದೇ ಕೃತಿಯನ್ನು ಒಬ್ಬ ವಿದ್ವಾಂಸರ ಇಬ್ಬರು ಶಿಷ್ಯರು ಬೇರೆ ಬೇರೆ ಪಾಠಾಂತರದಲ್ಲಿ ಹಾಡಿದರೆ ಅಲ್ಲಿ ಯಾರೂ ಪೊಲೀಸರನ್ನು ಕರೆಯುವುದಿಲ್ಲ. ವಿಂಗ್ ಚುನ್ ಜನ ಮಾತ್ರ ಬಹುತೇಕ ಕರೆದೇಬಿಡುತ್ತಾರೆ. ಯಾರ ಬಳಿ ‘ಮೂಲ’ ಇದೆ ಎಂಬ ವಾದ ಮುಗಿಯುವುದೇ ಇಲ್ಲ.

ಕಾಲವನ್ನು ನೋಡಿದರೆ ಅರ್ಧ ವಾದ ತಾನಾಗಿ ತಣ್ಣಗಾಗಬೇಕು. ಇಪ್ ಮಾನ್ ಅವರ ಹಾಂಕಾಂಗಿನ ಮೊದಲ ಶಿಷ್ಯರಾದ ಲ್ಯೂಂಗ್ ಶ್ಯೂಂಗ್ ಮೊದಲಾದವರು ಕಲಿತದ್ದು 1950ರ ದಶಕದ ಆರಂಭದಲ್ಲಿ. ಇಪ್ ಮಾನ್ ಅವರ ಮಕ್ಕಳಾದ ಇಪ್ ಚುನ್ ಮತ್ತು ಇಪ್ ಚಿಂಗ್ ಫೋಶಾನಿನಿಂದ ಹಾಂಕಾಂಗಿಗೆ ಬಂದದ್ದು 1962ರಲ್ಲಿ. ಒಬ್ಬ ಮೇಷ್ಟರು ಇಪ್ಪತ್ತಕ್ಕೂ ಹೆಚ್ಚು ವರ್ಷ ಕಲಿಸಿದರೆ ಮೊದಲ ವರ್ಷದ ಪಾಠ ಕೊನೆಯ ವರ್ಷಕ್ಕೆ ಹಾಗೇ ಉಳಿಯುತ್ತದೆಯೇ? ಮರದಾಳಿನ ವರಸೆ ಎಲ್ಲರಿಗೂ ಪೂರ್ತಿ ಸಿಗುತ್ತಲೂ ಇರಲಿಲ್ಲ. ಅದು ಹೆಚ್ಚಿನ ಶುಲ್ಕದ, ತಡವಾಗಿ ಬರುವ, ಬಹುಮಟ್ಟಿಗೆ ಒಬ್ಬೊಬ್ಬರಿಗೇ ಹೇಳಿಕೊಡುವ ಪಾಠ. ಅರ್ಧ ಕಲಿತು ಹೋದವರು ಉಳಿದರ್ಧವನ್ನು ಜೊತೆಯವರಿಂದ ಕೇಳಿ ತುಂಬಿಸಿಕೊಂಡರು. 1959ರಲ್ಲಿ ಅಮೆರಿಕಕ್ಕೆ ಹೊರಟ ಬ್ರೂಸ್ ಲೀ ಕೂಡ ಪೂರ್ತಿ ಕಲಿತವರಲ್ಲ ಎಂದು ಅವರ ಜೊತೆಯವರೇ ಹೇಳಿದ್ದಾರೆ.

ನನ್ನ ಪಾಠ ಇಪ್ ಚಿಂಗ್ ಅವರ ಕಡೆಯದು. ನನಗೆ ಈ ಮರದಾಳು ಹೊಂದುತ್ತದೆ. ನನ್ನ ಎತ್ತರ ಐದಡಿ ಎರಡಂಗುಲ, ಮೇಲಿನ ತೋಳುಗಳು ನನ್ನ ಭುಜಕ್ಕಿಂತ ಸ್ವಲ್ಪ ಕೆಳಗೆ ಬರುವಂತೆ ಚೌಕಟ್ಟನ್ನು ಬಿಗಿಸಿದ್ದೇನೆ. ಆದರೆ ‘ಎಲ್ಲ ಶಾಖೆಗಳಿಗೂ’ ಎಂಬ ಮಾತನ್ನು ಪರೀಕ್ಷಿಸದೆ ಬಿಡಬಾರದೆಂದು ಬೇರೆ ಪಾಠದ ಮೂವರು ಗೆಳೆಯರನ್ನು ಬೇರೆ ಬೇರೆ ದಿನ ಊಟಕ್ಕೆ ಕರೆದೆ. ಬಿಸಿಬೇಳೆಬಾತಿನ ಮೊದಲು ಮರದಾಳು.

ಮೊದಲು ಬಂದವನು ವಾಂಗ್ ಶುನ್ ಲ್ಯೂಂಗ್ ಕಡೆಯ ಆಸ್ಟ್ರೇಲಿಯದವನು. ವಾಂಗ್ (1935–1997) 1950ರ ದಶಕದ ಹಾಂಕಾಂಗಿನ ಮಾಳಿಗೆ ಮೇಲಿನ ಕಾಳಗಗಳಲ್ಲಿ ಹೆಸರು ಮಾಡಿದವರು. ಬ್ರೂಸ್ ಲೀಗೂ ಬಹಳಷ್ಟು ಹೇಳಿಕೊಟ್ಟವರು. ಆ ಕಡೆಯವರು ಪ್ರತಿ ಪಟ್ಟಿಗೂ ‘ಇದು ಏಕೆ’ ಎಂದು ಕೇಳುತ್ತಾರೆ. ಅವರಲ್ಲಿ ಒಂದು ಕತೆಯಿದೆ: ಸಿಯು ನಿಮ್ ತಾವ್‌ನ ಮೂರನೆಯ ಭಾಗದಲ್ಲಿ ಮೊದಲು ಜಮ್ ಸಾವ್ ಎಂಬ ತಡೆ ಇತ್ತಂತೆ. ಕಾಳಗವೊಂದರಲ್ಲಿ ಕೆಳಗಿನಿಂದ ಬಂದ ಗುದ್ದನ್ನು ಅದು ತಡೆಯಲಿಲ್ಲವೆಂದು ವಾಂಗ್ ಬಂದು ಹೇಳಿದಾಗ ಇಪ್ ಮಾನ್ ಅದರ ಜಾಗದಲ್ಲಿ ಇನ್ನೂ ಕೆಳಕ್ಕೆ ಇಳಿಯುವ ಗಾನ್ ಸಾವ್ ಇಟ್ಟರಂತೆ. ಕತೆ ಪೂರ್ತಿ ನಿಜವೋ ಅಲ್ಲವೋ, ಆ ಮನೆಯವರು ಅದನ್ನು ಹೆಮ್ಮೆಯಿಂದ ಹೇಳುವ ರೀತಿ ನನಗೆ ಇಷ್ಟ. ಗುರು ಬದಲಾಯಿಸಿದರು ಎಂಬುದು ಅವರಿಗೆ ಅವಮಾನವಲ್ಲ, ಪ್ರಮಾಣಪತ್ರ.

ಆಸ್ಟ್ರೇಲಿಯದವನು ಎರಡೂ ಕಾಲಿನ ಮೇಲೆ ಭಾರವನ್ನು ಸಮವಾಗಿ ಹಂಚಿಕೊಂಡು ನಿಲ್ಲುತ್ತಾನೆ. ಬದಿಗೆ ಹೆಜ್ಜೆಯಿಟ್ಟಾಗ ಅವನ ಇಡೀ ಮೈ ಕಾಂಡದತ್ತ ನುಗ್ಗುತ್ತದೆ. ಆರಡಿ ಆಳು, ಬೋಂಗ್ ಸಾವ್ ಎಂಬ ಮೊಣಕೈ ಎತ್ತಿದ ತಡೆ ಹಾಕಿದಾಗ ಮೊಣಕೈ ಇಳಿಬಿದ್ದಂತಾಯಿತು, ಏಕೆಂದರೆ ಚೌಕಟ್ಟು ನನ್ನ ಎತ್ತರದ್ದು. ಅದು ಮರದಾಳಿನ ತಪ್ಪಲ್ಲ. ಅವನ ನಿಜವಾದ ದೂರು ತೋಳುಗಳ ಅಂತರದ ಬಗ್ಗೆ. ಎರಡು ಮೇಲ್ತೋಳುಗಳ ತುದಿಗಳ ನಡುವೆ ಅವನ ಮುಂಗೈ ನುಗ್ಗಿ ಎದೆಗೆ ಗುದ್ದಲು ಬೇಕಾದಷ್ಟು ಜಾಗವಿಲ್ಲ. ಇಪ್ ಮಾನ್ ಸಣ್ಣ ಮೈಕಟ್ಟಿನವರು. ‘ಇಪ್ ಮಾನ್ ಅಳತೆ’ ಎಂದರೆ ಒಬ್ಬ ಸಣ್ಣ ಮನುಷ್ಯನ ಅಳತೆ ಎಂಬುದನ್ನು ದೊಡ್ಡ ಭುಜದವರು ನೆನಪಿಟ್ಟುಕೊಳ್ಳಲಿ.

ಎರಡನೆಯವನು ಜರ್ಮನಿಯವನು, ಇಪ್ ಮಾನ್ ಪರಂಪರೆಯ ಲ್ಯೂಂಗ್ ಟಿಂಗ್ ಕಡೆಯ ಪಾಠ. ಯುರೋಪಿನಲ್ಲಿ, ಅದರಲ್ಲೂ ಜರ್ಮನಿಯಲ್ಲಿ, ಈ ಪಾಠಕ್ಕೆ ದೊಡ್ಡ ಶಿಷ್ಯಬಳಗವಿದೆ. ಇಲ್ಲಿ ಭಾರವೆಲ್ಲ ಹಿಂಗಾಲಿನ ಮೇಲೆ. ಮುಂಗಾಲು ಹಗುರ, ಯಾವ ಕ್ಷಣದಲ್ಲಾದರೂ ಎತ್ತಿ ಒದೆಯಬಹುದು, ಯಾರಾದರೂ ಕಾಲಿಗೆ ಬೀಸಿ ಹೊಡೆದು ಬೀಳಿಸಹೋದರೆ ಹಿಂದಕ್ಕೆ ಎಳೆದುಕೊಳ್ಳಬಹುದು ಎಂಬುದು ಅವರ ವಾದ. ನಾನು ಚಮ್ ಕಿಯು ಮಾಡುವಾಗ ತಿರುಗುವುದಕ್ಕೂ ಅವನು ತಿರುಗುವುದಕ್ಕೂ ಇರುವ ವ್ಯತ್ಯಾಸವನ್ನು ಪಕ್ಕಪಕ್ಕದಲ್ಲಿ ನಿಂತು ನೋಡಿದರೆ ಎರಡು ಬೇರೆ ಕಲೆಗಳೆನಿಸುತ್ತದೆ. ಕೈಗಳು ಮಾತ್ರ ಅವವೇ. ಮರದಾಳಿನ ಮುಂದೆ ಈ ವ್ಯತ್ಯಾಸ ದೂರದ ಲೆಕ್ಕವಾಗಿ ಕಾಣಿಸಿತು. ಅವನ ಮೈ ನನಗಿಂತ ಹಿಂದೆ ಉಳಿಯುತ್ತದೆ. ಹಗುರ ಮುಂಗಾಲು ಮರದ ಕಾಲಿನ ಒಳಮೈಗೆ ತಾಗಿಕೊಂಡು ನಿಲ್ಲಬೇಕು. ಈ ಮರದಾಳಿನ ಕಾಲು ಅವನಿಗೆ ಉದ್ದವಾಯಿತು. ಹೆಜ್ಜೆಯನ್ನು ಸರಿಯಾದ ಜಾಗದಲ್ಲಿ ಇಟ್ಟರೆ ಕೈ ತೋಳಿಗೆ ನಿಲುಕುವುದಿಲ್ಲ, ಕೈ ನಿಲುಕಿದರೆ ಹೆಜ್ಜೆಗೆ ಜಾಗವಿಲ್ಲ. ಸಂಜೆಯ ಕೊನೆಗೆ ಅವನು ಕಾಲನ್ನೇ ಕಳಚಿಟ್ಟು ಅಭ್ಯಾಸ ಮಾಡಿದ. ಕಳಚುವುದು ಸುಲಭ, ಹಿಂದಿನ ಬೆಣೆ ಒಂದೇ ಏಟಿಗೆ ಬಿಡುತ್ತದೆ. ಇದು ಉತ್ಪನ್ನದ ಗುಣವೆಂದೇ ಬರೆದುಕೊಳ್ಳಿ. ಆದರೆ ವರಸೆಯ ಕೊನೆಯ ಭಾಗಗಳಲ್ಲಿ ಮಂಡಿಗೆ ಬೀಳುವ ಒದೆತಗಳಿವೆ. ಹಾಗೆ ಒದ್ದ ಪ್ರತಿ ಸಲವೂ ಅದೇ ಬೆಣೆ ತಾನಾಗಿ ಸಡಿಲವಾಗುತ್ತದೆ, ಅದು ದೋಷ.

ಮೂರನೆಯವಳು ಗುವಾಂಗ್‌ಝೌನವಳು. ಇವಳ ಪಾಠ ಇಪ್ ಮಾನ್ ಕಡೆಯದೇ ಅಲ್ಲ. ಫೋಶಾನಿನ ಯುವೆನ್ ಕೇ ಸಾನ್ ಅವರಿಂದ ಸಮ್ ನುಂಗ್ ಅವರಿಗೆ, ಅಲ್ಲಿಂದ ಗುವಾಂಗ್‌ಝೌಗೆ ಹರಿದದ್ದು. ಯುವೆನ್ ಕೇ ಸಾನ್, ಇಪ್ ಮಾನ್, ಯಿಯು ಚೋಯ್ ಮೂವರನ್ನೂ ಫೋಶಾನ್ ಜನ ವಿಂಗ್ ಚುನ್‌ನ ಮೂವರು ವೀರರೆಂದು ಕರೆಯುತ್ತಿದ್ದರು. ಇವಳು ಬರಿಗೈ ವರಸೆಗಳಿಗೆ ಮೊದಲೇ ಹನ್ನೆರಡು ಬಿಡಿ ತುಣುಕುಗಳನ್ನು ಕಲಿತಿದ್ದಾಳೆ. ಮರದಾಳಿನ ವರಸೆಯ ಕ್ರಮವೇ ಬೇರೆ. ನಾನು ಮೊದಲ ಭಾಗದಲ್ಲಿ ನಿರೀಕ್ಷಿಸುವ ಪಟ್ಟು ಇವಳಲ್ಲಿ ಎಷ್ಟೋ ಹೊತ್ತಿನ ಮೇಲೆ ಬಂದಿತು, ಕೆಲವು ಬರಲೇ ಇಲ್ಲ, ನಾನು ಕಂಡೇ ಇರದ ಕೆಲವು ಬಂದವು. ಗೋಡೆಪಟದ 108ರ ಮೇಲೆ ಬೆರಳಿಟ್ಟು ನಕ್ಕಳು, 116ಕ್ಕೂ ನಕ್ಕಳು.

ಅವಳೇ ಹೇಳಿದ ಇನ್ನೊಂದು ಸಂಗತಿ ಈ ಇಡೀ ಚರ್ಚೆಗೆ ಕೀಲಿಯಂತಿದೆ. ಫೋಶಾನಿನ ವೈದ್ಯ ಲ್ಯೂಂಗ್ ಜಾನ್ 19ನೆಯ ಶತಮಾನದ ಹೆಸರಾಂತ ವಿಂಗ್ ಚುನ್ ಗುರು. ಇಪ್ ಮಾನ್ ಅವರ ಗುರುವಾದ ಚಾನ್ ವಾ ಶುನ್‌ಗೆ ಕಲಿಸಿದವರು ಅವರೇ. ಮುಪ್ಪಿನಲ್ಲಿ ಹುಟ್ಟೂರಾದ ಗುಲಾವ್‌ಗೆ ಹಿಂತಿರುಗಿದ ಮೇಲೆ ಅವರು ಅಲ್ಲಿಯವರಿಗೆ ಉದ್ದದ ವರಸೆಗಳನ್ನು ಬಿಟ್ಟು ಚಿಕ್ಕ ಚಿಕ್ಕ ಬಿಡಿ ಪಟ್ಟುಗಳನ್ನು ಕಲಿಸಿದರು ಎಂದು ಆ ಊರಿನವರ ಪಾಠ ಹೇಳುತ್ತದೆ. ಒಬ್ಬನೇ ಗುರು, ಪಟ್ಟಣದಲ್ಲಿ ಒಂದು ವಿಂಗ್ ಚುನ್, ಹಳ್ಳಿಯಲ್ಲಿ ಇನ್ನೊಂದು. ಇದರಲ್ಲಿ ಯಾವುದು ಕೆಟ್ಟ ನಕಲು ಎಂದು ಕೇಳುವುದರಲ್ಲೇ ಅರ್ಥವಿಲ್ಲ.

ಗುವಾಂಗ್‌ಝೌನವಳು ಮರದಾಳಿನ ಬಗ್ಗೆಯೂ ಒಂದು ಮಾತು ಹೇಳಿದಳು, ಅದು ಕೊಳ್ಳುವವರಿಗೆ ಉಪಯೋಗದ್ದು. ಎರಡು ಮೇಲ್ತೋಳುಗಳ ಬಾಲಗಳು ಕಾಂಡದೊಳಗೆ ಕತ್ತರಿಯಾಕಾರದಲ್ಲಿ ಹಾದುಹೋಗುತ್ತವೆ. ಒಂದರ ಮೇಲೊಂದು ದಾಟಬೇಕಾದ್ದರಿಂದ ಒಂದು ತೋಳು ಬಾಲದ ದಪ್ಪದಷ್ಟು ಮೇಲಿರುತ್ತದೆ. ನನ್ನದರಲ್ಲಿ ಎಡ ತೋಳು ಮೇಲೆ. ವರಸೆಯ ಪ್ರತಿ ಭಾಗವನ್ನೂ ಎಡಕ್ಕೊಮ್ಮೆ ಬಲಕ್ಕೊಮ್ಮೆ ಮಾಡುವ ನಮಗೆ ಎರಡೂ ಕಡೆಯ ಅನುಭವ ಒಂದೇ ಆಗಿರುವುದಿಲ್ಲ. ನನಗದು ಒಗ್ಗಿದೆ, ಎದುರಾಳಿಯ ಎರಡು ಕೈಗಳು ಎಂದಾದರೂ ಸಮ ಎತ್ತರದಲ್ಲಿ ಬಂದಾವೇ? ಅವಳಿಗೆ ಒಗ್ಗಲಿಲ್ಲ. ಬಾಲಗಳನ್ನು ಅರ್ಧರ್ಧ ಕೊರೆದು ಒಂದರೊಳಗೊಂದು ಕೂರಿಸಿ ಸಮ ಎತ್ತರದ ತೋಳು ಮಾಡಿಕೊಡುವವರೂ ಇದ್ದಾರೆ. ಆದರೆ ಅರ್ಧ ಕೊರೆದ ಬಾಲದ ಬಲ ಅಷ್ಟೇ ಎಂಬುದನ್ನು ಮರೆಯಬಾರದು.

‘ವಾದವೇಕೆ, ಇಪ್ ಮಾನ್ ಅವರ ಚಲನಚಿತ್ರವಿದೆಯಲ್ಲ, ಅದನ್ನು ನೋಡಿ ತೀರ್ಮಾನಿಸಿ’ ಎಂದು ಮಾರುವವರು ಒಂದು ಕೊಂಡಿಯನ್ನೂ ಕಳಿಸಿದ್ದರು. 1972ರಲ್ಲಿ, ಆ ಡಿಸೆಂಬರಿನಲ್ಲಿ ತೀರಿಕೊಳ್ಳುವುದಕ್ಕೆ ಸ್ವಲ್ಪ ಮೊದಲು, ಮಕ್ಕಳ ಕೋರಿಕೆಯ ಮೇಲೆ ಅವರು ಕ್ಯಾಮೆರಾದ ಮುಂದೆ ಸಿಯು ನಿಮ್ ತಾವ್, ಚಮ್ ಕಿಯು ಮತ್ತು ಮರದಾಳಿನ ವರಸೆಯನ್ನು ಮಾಡಿ ತೋರಿಸಿದ ಎಂಟು ಮಿಲಿಮೀಟರ್ ಸುರುಳಿ ಅದು. ಅಮೂಲ್ಯವಾದದ್ದು, ನಿಜ. ಆದರೆ ಅಲ್ಲಿರುವುದು ಗಂಟಲಿನ ಕ್ಯಾನ್ಸರಿನಿಂದ ಬಡಕಲಾದ, ಎಂಬತ್ತರ ಹತ್ತಿರದ ಮನುಷ್ಯ. ಅವರ ನಿಲುವು ಎತ್ತರವಾಗಿದ್ದರೆ ಅದು ಪಾಠವೋ ನಿಶ್ಶಕ್ತಿಯೋ? ಮೂವರು ಗೆಳೆಯರಲ್ಲಿ ಇಬ್ಬರು ಅದೇ ಸುರುಳಿಯನ್ನು ತೋರಿಸಿ, ತಮ್ಮ ತಮ್ಮ ಪಾಠವೇ ಸರಿಯೆಂದು ಒಂದೇ ಕ್ಷಣದ ಚಿತ್ರವನ್ನು ನಿಲ್ಲಿಸಿ ಸಾಧಿಸಿದರು. ಆ ಸುರುಳಿ ನೋಡಿ ತೋಳಿನ ಅಂತರ ನಿರ್ಧರಿಸುತ್ತೇವೆ ಎನ್ನುವ ಬಡಗಿಗಳಿಗೆ ನನ್ನ ನಮಸ್ಕಾರ.

ಹೀಗಾಗಿ ಕೊಳ್ಳುವವರಿಗೆ ನನ್ನ ಸಲಹೆ ಇಷ್ಟೇ. ಮೊದಲು ನಿಮ್ಮ ಸಿಫುವಿನ, ಅಂದರೆ ಗುರುವಿನ, ಮರದಾಳನ್ನು ಅಳೆಯಿರಿ: ಮೇಲ್ತೋಳುಗಳ ತುದಿಗಳ ಅಂತರ, ಮೇಲ್ತೋಳಿನಿಂದ ಕೆಳತೋಳಿಗಿರುವ ದೂರ, ಕಾಂಡದಿಂದ ಮಂಡಿ ಎಷ್ಟು ಮುಂದಿದೆ, ತೋಳು ಬುಡದಲ್ಲಿ ಎಷ್ಟು ದಪ್ಪ, ತುದಿಯಲ್ಲಿ ಎಷ್ಟು. ಶಾಖೆಯ ಹೆಸರನ್ನು ಬರೆದು ಕಳಿಸಬೇಡಿ, ಈ ಅಂಕೆಗಳನ್ನು ಕಳಿಸಿ. ಇವರು ಅಳತೆ ಕೊಟ್ಟರೆ ಚಾಚೂ ತಪ್ಪದೆ ಮಾಡುತ್ತಾರೆ, ಆ ವಿಷಯದಲ್ಲಿ ನನಗೆ ಪೂರ್ಣ ನಂಬಿಕೆ ಬಂದಿದೆ. ಆಸ್ಟ್ರೇಲಿಯದವನಿಗೆಂದು ಅಗಲವಾಗಿ ತೆರೆದುಕೊಳ್ಳುವ ಇನ್ನೊಂದು ಜೊತೆ ತೋಳು ಮತ್ತು ಜರ್ಮನಿಯವನಿಗೆಂದು ಗಿಡ್ಡ ಕಾಲು ತರಿಸಿದೆ. ಬಾಲ ಅದೇ ತೂತಿಗೆ ಸರಿಯಾಗಿ ಕೂತಿತು, ಮರದ ಬಣ್ಣ ಮಾತ್ರ ಒಂದು ಛಾಯೆ ತಿಳಿ. ತೋಳುಜೊತೆಗೆ ಎಂಟುನೂರು ಡಾಲರ್, ಕಾಲಿಗೆ ಆರುನೂರು, ಸಾಗಣೆ ಬೇರೆ. ಸಮ ಎತ್ತರದ ತೋಳು ಬೇಕಿದ್ದರೆ ಕಾಂಡ ಕೊರೆಯುವ ಮೊದಲೇ ಹೇಳಬೇಕು, ಆಮೇಲೆ ಆಗುವುದಿಲ್ಲ. ಬೆಣೆಗಳನ್ನು ಎರಡೆರಡು ಹೆಚ್ಚಿಗೆ ಕೇಳಿ. ಅವನ್ನು ಪುಕ್ಕಟೆ ಕೊಡುತ್ತಾರೆ.